ಪೊಳ್ಳು ಹೊಟ್ಟೆಯ ಮಣ್ಣೆತ್ತು

ಬದನೆಕಾಯಿ ಕೊಳ್ಳುವಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುವುದು ಹೊಸ ಸಂಗತಿಯೇನಲ್ಲ. ಹುಳು ಇದೆಯೋ ಇಲ್ಲವೋ ಎಂದು ಎಲ್ಲರೂ ನೋಡುತ್ತಾರೆ. ನನ್ನ ತೊಂದರೆ ಬೇರೆ. ಹುಳು ಇಲ್ಲವೆಂದು ಖಾತ್ರಿಯಾದ ಮೇಲೂ ನಾನು ಅದನ್ನು ಕೆಳಗಿಡುವುದಿಲ್ಲ. ಅಂಗೈ ಮೇಲೆ ನಿಲ್ಲಿಸಿ, ಒಂದಿಷ್ಟು ತಿರುಗಿಸಿ, ಹೊಟ್ಟೆ ಎಲ್ಲಿ ಉಬ್ಬಿದೆ, ತೊಟ್ಟಿನ ಬುಡದಲ್ಲಿ ನೆರಳು ಹೇಗೆ ಕೂತಿದೆ, ಬೆನ್ನಿನ ಕಡೆ ಬೆಳಕು ಎಲ್ಲಿಯತನಕ ಜಾರುತ್ತದೆ ಎಂದು ನೋಡುತ್ತ ನಿಂತುಬಿಡುತ್ತೇನೆ. ಮೊನ್ನೆ ನಮ್ಮ ಓಣಿಯ ತುದಿಗೆ ಕಾಯಿಪಲ್ಲೆ ಮಾರುವ ಶಾಂತವ್ವ ತಕ್ಕಡಿ ಹಿಡಿದುಕೊಂಡು ಕಾದಳು, ಕಾದಳು, ಕಡೆಗೆ ತಡೆಯಲಾರದೆ ಹೇಳಿದಳು.

“ಬಾಯಾರ, ಬದನಿಕಾಯಿ ಒಯ್ಯಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ? ಜರಾ ನಡದು ತೋರಸವ್ವಾ ಅನ್ನೂದೊಂದು ಬಾಕಿ ಉಳದೈತಿ.”

ಪಕ್ಕದ ಗಿರಾಕಿಗಳೆಲ್ಲ ನಕ್ಕರು. ನಾನು ಮರ್ಯಾದೆಯಿಂದ ಅರ್ಧ ಕಿಲೋ ತೂಗಿಸಿಕೊಂಡು ಬಂದೆ. ಈ ಚಟ ನನಗೆ ಹತ್ತಿದ್ದು ಒಂದು ಜೋಡಿ ಎತ್ತಿನಿಂದ ಎಂದರೆ ಶಾಂತವ್ವ ನಂಬುತ್ತಿರಲಿಲ್ಲ. ನೀವಾದರೂ ನಂಬಿ.

ನಮ್ಮ ಕಡೆ ಕಾರಹುಣ್ಣಿಮೆ ಮುಗಿದು ಬರುವ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಒಂದು ಜೋಡಿ ಎತ್ತು, ಅವುಗಳ ಮುಂದೆ ಮೇವಿಗೆಂದು ಮಣ್ಣಿನದೇ ಒಂದು ಗ್ವಾದಲಿ. ದೇವರ ಮನೆಯ ಜಗಲಿಯ ಮೇಲೆ ದೇವರ ಸಾಲಿನಲ್ಲೇ ಅವಕ್ಕೆ ಜಾಗ, ಹೋಳಿಗೆಯ ನೈವೇದ್ಯ. ಬಣ್ಣ ಬಳಿದ ಅಚ್ಚಿನ ಎತ್ತುಗಳು ಈಗ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಅಕ್ಕಲಕೋಟೆ ತಾಲ್ಲೂಕಿನ ನನ್ನ ಗಂಡನ ಮನೆಯಲ್ಲಿ ಕೊಂಡು ತಂದ ಎತ್ತು ಜಗಲಿ ಏರಿದ್ದಿಲ್ಲ. ಮಣ್ಣು ನಮ್ಮ ಹೊಲದ್ದೇ ಆಗಬೇಕು, ಕೈ ಮನೆಯ ಹಿರಿಯಳದ್ದೇ ಆಗಬೇಕು. ಅವಳ ಕೈ ಸೋತರೆ ಹಿರಿಸೊಸೆಯದು. ಹಿರಿಸೊಸೆ ಎಂದರೆ ನಾನು. ಗೋಳು ಶುರುವಾಗುವುದೇ ಅಲ್ಲಿಂದ.

ಯಾಕೆಂದರೆ ನಾನು ಸೊಲ್ಲಾಪುರದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನನಗೆ ಹಸುವಿನ ಮೇಲೆ ಪ್ರಬಂಧ ಕಲಿಸಿದ್ದರು. ಹಸು ಸಾಕುಪ್ರಾಣಿ ಎಂಬಲ್ಲಿಂದ ಹಿಡಿದು ಬಾಲದಿಂದ ನೊಣ ಓಡಿಸುತ್ತದೆ ಎಂಬವರೆಗೆ ಉಸಿರು ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದೆ. ಸಿಸ್ಟರ್ ಬೆನ್ನು ತಟ್ಟಿ ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸಿದ್ದರು. ಆದರೆ ಹಸುವಿನ ಹಿಂಗಾಲು ಯಾವ ಕಡೆಗೆ ಮಡಚುತ್ತದೆಂದು ಸಿಸ್ಟರೂ ಕೇಳಲಿಲ್ಲ, ನಾನೂ ನೋಡಲಿಲ್ಲ.

ಮದುವೆಯಾದ ವರ್ಷ ಅತ್ತೆ ಪ್ರೀತಿಯಿಂದಲೇ ಒಂದು ಮುದ್ದೆ ಮಣ್ಣು ನನ್ನ ಕೈಗಿತ್ತಿದ್ದರು. ನಾನೂ ಭಕ್ತಿಯಿಂದಲೇ ತಿದ್ದಿದೆ. ಕಾಲು ನಿಲ್ಲಲಿಲ್ಲವೆಂದು ಗಿಡ್ಡ ಮಾಡಿದೆ, ಕೊಂಬು ಮುರಿಯಿತೆಂದು ದುಂಡಗೆ ಮಾಡಿದೆ, ಮೂತಿ ಉದ್ದವಾಯಿತು, ಬಾಲ ಅದಕ್ಕಿಂತ ಉದ್ದವಾಯಿತು. ಪಕ್ಕದ ಮನೆಯ ಅಜ್ಜಿ ಹೊಸ್ತಿಲಲ್ಲಿ ನಿಂತು ನೋಡಿ, “ಗಣಪತಿ ಬರೂದು ಇನ್ನ ದೂರ ಐತಿ, ಇಲಿ ಆಗಲೇ ಬಂದು ಕುಂತೈತಲ್ಲ” ಎಂದಳು. ಅತ್ತೆ ನನ್ನ ಎತ್ತನ್ನು ಮತ್ತೆ ಮುದ್ದೆ ಮಾಡಿ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅದರಿಂದಲೇ ಒಂದು ಎತ್ತು ಎಬ್ಬಿಸಿ ನಿಲ್ಲಿಸಿದರು. ಅಂದಿನಿಂದ ಮಣ್ಣೆತ್ತಿನ ಹಬ್ಬದಲ್ಲಿ ನನ್ನ ಪಾಲಿನ ಕೆಲಸ ನೀರಿನ ತಂಬಿಗೆ ತಂದಿಡುವುದು. ಆ ಕೆಲಸ ನಾನು ಚೆನ್ನಾಗಿ ಮಾಡುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತು. ಆದರೆ ಹೋದ ಚಳಿಗಾಲದಲ್ಲಿ ಅತ್ತೆ ದನದ ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳು ಮಡಚಲೊಲ್ಲವು. ದಿನಾ ಹಿಚುಕಿರಿ ಎಂದು ಡಾಕ್ಟರು ಒಂದು ಹಳದಿ ಸ್ಪಂಜಿನ ಚೆಂಡು ಕೊಟ್ಟರು. ಈ ವಯಸ್ಸಿನಲ್ಲಿ ಚೆಂಡಾಟ ಆಡಲೇನು ಎಂದು ಅತ್ತೆ ಅದನ್ನು ಗೋಡೆಯ ಗೂಡಿನಲ್ಲಿಟ್ಟರು. ಅದರೊಂದಿಗೆ ಬೆಕ್ಕು ಆಡಿತು. ನಾವಿರುವುದು ಸೊಲ್ಲಾಪುರದಲ್ಲಿ; ಊರಿನ ಮನೆಯಲ್ಲಿ ಅತ್ತೆಯ ಜೊತೆಗಿರುವವರು ನನ್ನ ಮೈದುನ ಮತ್ತು ಅವನ ಹೆಂಡತಿ, ನನ್ನ ನೆಗೆಣ್ಣಿ ಸುರೇಖಾ. ಅವಳು ಫೋನಿನಲ್ಲಿ ಹೇಳುತ್ತಿದ್ದಳು, ಅತ್ತೆ ಈಗ ಯಾರನ್ನೂ ಬೈಯುವುದಿಲ್ಲವಂತೆ. ಬೆಳಗಿನಿಂದ ಸಂಜೆಯವರೆಗೆ ಆಳುಗಳನ್ನು, ಕೋಳಿಗಳನ್ನು, ಟೀವಿಯಲ್ಲಿ ಬರುವವರನ್ನು ಸಮಾನವಾಗಿ ಬೈಯುತ್ತಿದ್ದ ಅತ್ತೆ ಹೂಂ ಎಂದು ಸುಮ್ಮನಾಗುತ್ತಾರೆ ಎಂದರೆ ನಮಗೆಲ್ಲ ಭಯವಾಯಿತು.

ಬೇಸಿಗೆಯ ಆರಂಭಕ್ಕೆ ನೋಡಲು ಹೋದಾಗ ಅತ್ತೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: “ನನ್ನ ಕೈ ಹೋತು. ಇನ್ನ ಈ ಮನ್ಯಾಗ ಎತ್ತೂ ಹೋದ್ವು ಅಂತ ತಿಳಕೋರಿ.”

ಸಮಾಧಾನ ಮಾಡಲೆಂದು ನಮ್ಮವರು, ಅದಕ್ಕೇಕೆ ಚಿಂತೆ, ಸೊಲ್ಲಾಪುರದಿಂದ ಚಂದದ ಜೋಡಿ ಒಂದನ್ನು ಕೊಂಡು ತರುತ್ತೇನೆ ಎಂದರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಬೈದಿದ್ದರೆ ವಾಸಿಯಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ತೀರ್ಮಾನಿಸಿದೆ: ಈ ಸಲ ಎತ್ತು ಮಾಡುವವಳು ನಾನೇ, ಮತ್ತು ಅತ್ತೆ ತಾವಾಗಿಯೇ ಎತ್ತಿ ಜಗಲಿಗೆ ಇಡುವಂಥ ಎತ್ತು ಮಾಡಬೇಕು. ಯಾರಿಗೂ ಹೇಳಲಿಲ್ಲ. ಇಲಿಯ ನೆನಪು ಎಲ್ಲರಿಗೂ ಇತ್ತು.

ನಮ್ಮವರು ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಟವೆಲ್ ಕಾರ್ಖಾನೆಯ ಮ್ಯಾನೇಜರು. ಅವರಿಗೆ ಊಟದ ಡಬ್ಬಿ ಕೊಡಲು ಹೋದಾಗ ಪಕ್ಕದ ಮುಚ್ಚಿದ ಮಗ್ಗದ ಶೆಡ್ಡಿನ ಗೇಟಿಗೆ ಮರಾಠಿಯಲ್ಲಿ ಬರೆದ ಬೋರ್ಡು ಕಂಡಿತು. ತ್ರಿಮಿತೀಯ ಕಲೆ ಮತ್ತು ವಿನ್ಯಾಸದ ಮೂಲಪಾಠಗಳು, ವಯಸ್ಸಿನ ಅಡ್ಡಿಯಿಲ್ಲ. ತ್ರಿಮಿತೀಯ ಎಂದರೆ ಎತ್ತರ ಅಗಲ ಆಳ ಮೂರೂ ಇರುವುದು. ಎತ್ತಿಗೂ ಮೂರೂ ಇರುತ್ತವೆ. ಹೆಸರು ಬರೆಸಿದೆ.

ಕಲಿಸುವವರು ನಿವೃತ್ತ ಡ್ರಾಯಿಂಗ್ ಮಾಸ್ತರರಾದ ಜಗದಾಳೆ ಸರ್. ಕಲಿಯುವವರು ಡಿಸೈನ್ ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುವ ಕೆಲವು ಹುಡುಗಿಯರು, ಮತ್ತು ನಾನು. ಮಗ್ಗ ಕಿತ್ತು ಎಷ್ಟೋ ಕಾಲವಾಗಿದ್ದರೂ ಆ ಶೆಡ್ಡಿನ ತೊಲೆಗಳಿಗೆ ಹತ್ತಿಯ ಧೂಳು ಇನ್ನೂ ಮುದುಕರ ಹುಬ್ಬಿನಂತೆ ಅಂಟಿಕೊಂಡಿತ್ತು. ಮೊದಲ ದಿನ ಸರ್ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಇದನ್ನು ನಿಲ್ಲಿಸಿ ಎಂದರು. ಹುಡುಗಿಯರು ಮಡಚಿ, ಕತ್ತರಿಸಿ, ಬಾಗಿಸಿ, ಗೋಪುರ, ಶಂಖ, ಏಣಿ ಏನೇನೋ ನಿಲ್ಲಿಸಿದರು. ನನ್ನ ಕೈಗಳು ತಮಗೆ ಗೊತ್ತಿದ್ದನ್ನು ಮಾಡಿದವು. ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ, ನೀಟಾಗಿ ಟವೆಲಿನಂತೆ ಮಡಚಿ ಇಟ್ಟೆ. ಸರ್ ಬಂದು ನೋಡಿದರು.

“ವಹಿನಿ, ಕಪಾಟಾತ ನಾಹಿ ಠೇವಾಯಚಂ,” ಎಂದರು. ಕಪಾಟಿನಲ್ಲಿ ಇಡುವುದಲ್ಲ ಅತ್ತಿಗೆ, ಎಂದು.

ನನ್ನ ತಪ್ಪೇನು ಹೇಳಿ. ಸೊಲ್ಲಾಪುರದ ಜಗತ್ತೇ ಚಪ್ಪಟೆ. ಚಾದರ ಚಪ್ಪಟೆ, ಟವೆಲು ಚಪ್ಪಟೆ, ಕಡಕ್ ಭಾಕರಿಯೆಂಬ ಒಣರೊಟ್ಟಿ ಎಲ್ಲಕ್ಕಿಂತ ಚಪ್ಪಟೆ. ಬೆಳಗಾಗೆದ್ದು ಬಾಗಿಲಲ್ಲಿ ರಂಗೋಲಿ ಹಾಕುತ್ತೇನೆ, ಅದೂ ನೆಲ ಬಿಟ್ಟು ಮೇಲೇಳುವುದಿಲ್ಲ. ಇಷ್ಟು ವರ್ಷ ಎರಡೇ ಮಿತಿಗಳಲ್ಲಿ ಸುಖವಾಗಿ ಸಂಸಾರ ಮಾಡಿದ್ದವಳಿಗೆ ಮೂರನೆಯದು ಒಮ್ಮೆಲೇ ಬಂದರೆ ತಲೆ ತಿರುಗದೆ ಇರುತ್ತದೆಯೇ?

ಮುಂದಿನ ಪಾಠ ಸಾಬೂನು ಕೆತ್ತುವುದು. ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಯೋಚಿಸಿ ತೆಗೆಯಿರಿ ಎಂದು ಸರ್ ಎಚ್ಚರಿಸಿದ್ದರು. ನಾನು ಬಟ್ಟೆ ಸಾಬೂನಿನ ಇಟ್ಟಿಗೆಯಲ್ಲಿ ಎತ್ತು ಆರಂಭಿಸಿದೆ. ಎಡಗಾಲು ದಪ್ಪವಾಯಿತೆಂದು ಒಂದಿಷ್ಟು ಹೆರೆದೆ, ಅದಕ್ಕೆ ಸರಿಯಾಗಲೆಂದು ಬಲಗಾಲು ಹೆರೆದೆ, ಆಮೇಲೆ ಹೊಟ್ಟೆ. ಎತ್ತು ಹೋಗಿ ಕರುವಾಯಿತು, ಕರು ಹೋಗಿ ಆಡಾಯಿತು, ಆಡಿನ ಕಿವಿ ಬಿದ್ದಾಗ ಸರ್ ನನ್ನ ಕೈಯಿಂದ ಚಾಕು ತೆಗೆದುಕೊಂಡು, ಇದು ಅಮೂರ್ತ ಕಲೆ, ಇಲ್ಲಿಗೇ ಬಿಡಿ ಎಂದರು. ಅಮೂರ್ತ ಕಲೆಯನ್ನು ಮನೆಗೆ ತಂದು ಬಚ್ಚಲಲ್ಲಿಟ್ಟೆ. ನಮ್ಮವರು ಅದರಿಂದಲೇ ಕಾಲರು ಉಜ್ಜಿದರು.

ಆಮೇಲೆ ಖಾಲಿ ಜಾಗದ ಪಾಠ. ಚಹದ ಕಪ್ಪಿನ ಕಿವಿಗೆ ಒಂದು ಆಕಾರವಿದೆಯಲ್ಲ, ಕಿವಿಯೊಳಗಿನ ಖಾಲಿಗೂ ಒಂದು ಆಕಾರವಿದೆ, ಅದನ್ನು ನೋಡಲು ಕಲಿಯಿರಿ ಎಂದರು ಸರ್. ಈ ಮಾತು ನನಗೆ ಬಹಳ ಹಿಡಿಸಿತು. ಮನೆಗೆ ಬಂದರೆ ನಮ್ಮವರು ಸೊಂಟದ ಮೇಲೆ ಎರಡೂ ಕೈಯಿಟ್ಟುಕೊಂಡು ಫ್ಯಾನು ಯಾಕೆ ತಿರುಗುತ್ತಿಲ್ಲವೆಂದು ನೋಡುತ್ತಿದ್ದರು. ತೋಳು ಮತ್ತು ಸೊಂಟದ ನಡುವೆ ಎರಡು ಕಡೆಗೂ ಎಂಥ ಸೊಗಸಾದ ತ್ರಿಕೋನ! ಕಣ್ಣು ಕೀಳದೆ ನೋಡಿದೆ. ಏನು ನೋಡುತ್ತೀ ಎಂದರು. ನಿಮ್ಮಲ್ಲಿನ ಖಾಲಿ ಜಾಗ ಎಂದೆ. ಅದನ್ನು ನೀನು ಲಗ್ನವಾದ ದಿನದಿಂದಲೂ ನೋಡುತ್ತಿದ್ದೀಯಲ್ಲ ಎಂದು ಅವರು ಸ್ಟೂಲು ತರಲು ಹೋದರು.

ಆದರೆ ಎಲ್ಲ ಪಾಠಗಳಲ್ಲೂ ಸರ್ ಬಿಡದೆ ಹೇಳುತ್ತಿದ್ದದ್ದು ಒಂದೇ. ಚಿತ್ರಕ್ಕೆ ಮುಂಭಾಗವಷ್ಟೇ ಸಾಕು, ಮೂರ್ತಿಗೆ ಬೆನ್ನೂ ಇರುತ್ತದೆ. “ಮಾಗೂನ ಬಘಾ, ವಹಿನಿ, ಮಾಗೂನ!” ಹಿಂದಿನಿಂದ ನೋಡಿ ಎಂದು ನನ್ನ ಹಿಂದೆಯೇ ನಿಂತು ಹೇಳುವರು. ಹಾಗಾಗಿ ನಾನು ಸುರೇಖಾಳಿಗೆ ಫೋನು ಮಾಡಿ, ನಮ್ಮ ಎತ್ತುಗಳ ಫೋಟೋ ಕಳಿಸು, ಹಿಂದಿನಿಂದ ತೆಗೆದದ್ದೇ ಬೇಕು ಎಂದೆ. ಅವಳು ಕಳಿಸಿದಳು. ಎಷ್ಟೋ ಹೊತ್ತಿನ ಮೇಲೆ ಒಂದು ಸಾಲು ಬಂತು: “ಅಕ್ಕಾರ, ಅವುಗಳ ಮಾರಿಗೆ ಏನಾಗಿತ್ತರಿ?”

ಅಂತೂ ಮಣ್ಣಿನ ಪಾಠ ಬರುವ ಹೊತ್ತಿಗೆ ಅಮಾವಾಸ್ಯೆ ಹತ್ತಿರವಾಗಿತ್ತು. ಸರ್‌ಗೆ ನಿಜ ಹೇಳಿದೆ. ಮೈದುನನ ಕೈಯಲ್ಲಿ ತರಿಸಿದ್ದ ಹೊಲದ ಎರೆಮಣ್ಣಿನ ಚೀಲವನ್ನೂ ಮುಂದಿಟ್ಟೆ. ಅವರು ಒಂದು ಚಿಟಿಕೆ ಉಜ್ಜಿ ನೋಡಿ ತಲೆ ಕೆರೆದುಕೊಂಡರು. ಎರೆಮಣ್ಣು ಒಣಗುವಾಗ ಬೇಸಿಗೆಯ ಹೊಲದಂತೆಯೇ ಬಿರಿಯುತ್ತದೆ. ಅತ್ತೆಯ ಎತ್ತುಗಳೂ ಪೂಜೆ ಮುಗಿದ ಮರುದಿನಕ್ಕೆ ಬೆನ್ನು ಸೀಳಿಕೊಳ್ಳುತ್ತಿದ್ದವು. ಸರ್ ಕೋಲಿನಿಂದ ತೊಲೆಯ ಹತ್ತಿಧೂಳು ಕೆಡವಿ ಮಣ್ಣಿಗೆ ಕಲಸಲು ಹೇಳಿದರು. ಇನ್ನೊಂದು ಮುಖ್ಯ ಮಾತು ಹೇಳಿದರು. ದಪ್ಪ ಇದ್ದಲ್ಲಿ ನಿಧಾನ ಒಣಗುತ್ತದೆ, ತೆಳ್ಳಗಿದ್ದಲ್ಲಿ ಬೇಗ. ಬಿರುಕು ಬರುವುದೇ ಅದರಿಂದ. ಆದ್ದರಿಂದ ಒಳಗಿನ ಮಣ್ಣನ್ನು ಚಮಚದಿಂದ ತೋಡಿ ತೆಗೆದು ಹೊಟ್ಟೆ ಪೊಳ್ಳು ಮಾಡಿ, ಗಾಳಿಯಾಡಲು ಕೆಳಗೊಂದು ತೂತು ಬಿಡಿ.

ನಾನು ಅಕ್ಷರಶಃ ಹಾಗೇ ಮಾಡಿದೆ. ಎತ್ತುಗಳು ಬಂದವು! ಹೆಗಲ ಮೇಲೆ ಹಿಣಿಲು, ಕೆಳಗೆ ಜೋಲುಗೊರಳು, ಸರಿಯಾದ ಕಡೆಗೇ ಮಡಚಿದ ಹಿಂಗಾಲು. ನಾಲ್ಕೂ ಕಾಲು ನೆಲಕ್ಕೆ ಹತ್ತಿ ನಿಂತವು. ಒಂದೂ ಬಿರಿಯಲಿಲ್ಲ.

ಹಬ್ಬದ ಮುನ್ನಾದಿನ ನಾವಿಬ್ಬರೂ ಅಕ್ಕಲಕೋಟೆಯ ಎಸ್‌ಟಿ ಬಸ್ಸು ಹತ್ತಿದೆವು. ಕಾರ್ಖಾನೆಯಲ್ಲಿ ಡಿಫೆಕ್ಟು ಬಂದ ಮೆತ್ತನೆಯ ಟವೆಲುಗಳಲ್ಲಿ ಎತ್ತುಗಳನ್ನು ಸುತ್ತಿ, ಒಂದನ್ನು ನಮ್ಮವರ ಚೀಲದಲ್ಲಿಟ್ಟು, ಇನ್ನೊಂದನ್ನು ಎದೆಗವಚಿಕೊಂಡಿದ್ದೆ. ಬಸ್ಸು ಕಿಕ್ಕಿರಿದಿತ್ತು. ಯಾರೋ ಪುಣ್ಯಾತ್ಗಿತ್ತಿ, ಕೂಸು ಹೊತ್ತು ನಿಂತಾಳ, ಸರೀರಿ ಎಂದು ಜಾಗ ಮಾಡಿಸಿದಳು. ನಾನು ಸುಳ್ಳೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ, ಕೂತೆ. ಆಕೆ ಅಕ್ಕರೆಯಿಂದ ಟವೆಲಿನ ಅಂಚು ಸರಿಸಿದಳು. ಕೊಂಬು ಕಂಡಿತು. ಮೆಲ್ಲಗೆ ಟವೆಲು ಮತ್ತೆ ಮುಚ್ಚಿ, ಊರು ಬರುವತನಕ ಕಿಟಕಿಯ ಹೊರಗೇ ನೋಡುತ್ತ ಕೂತಳು.

ಅತ್ತೆ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದರು. ಎರಡನ್ನೂ ಬಿಚ್ಚಿ ಅವರ ಮುಂದೆ ನಿಲ್ಲಿಸಿದೆ. ಸುರೇಖಾ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿಬಂದಳು. ಅತ್ತೆ ಎತ್ತಿನ ಮುಖ ನೋಡಲೇ ಇಲ್ಲ. ಎಡಗೈಯಿಂದ ಅದನ್ನು ತಿರುಗಿಸಿ, ಮೊದಲು ಹಿಂದಿನಿಂದ ನೋಡಿದರು, ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ. ಜಗದಾಳೆ ಸರ್ ಅಲ್ಲಿದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ.

“ಹಿಂದ ಛಂದ ಐತಿ,” ಎಂದರು. ಆಮೇಲೆ ಮುಂದೆ ನೋಡಿ, “ಮುಂದೂ ಛಂದ ಐತಿ.” ಆಮೇಲೆ ಎತ್ತಿ ಹಿಡಿದರು. ಮುಖದ ಕಳೆ ಬದಲಾಯಿತು. ತೆಂಗಿನಕಾಯಿ ನೋಡುವ ಹಾಗೆ ಕಿವಿಯ ಬಳಿ ಅಲ್ಲಾಡಿಸಿದರು. “ಇದೇನ ಇಷ್ಟ ಹಗೂರ?”

ಕಲಿತ ವಿದ್ಯೆ ಸುಮ್ಮನಿರಲು ಬಿಡುತ್ತದೆಯೇ? ನಾನು ಉತ್ಸಾಹದಿಂದ ವಿವರಿಸಿದೆ, ಒಳಗೆ ಪೊಳ್ಳಿದೆ, ಹಾಗೆ ಮಾಡಿದರೆ ಬಿರಿಯುವುದಿಲ್ಲ ಎಂದು. ಅತ್ತೆ ಎತ್ತನ್ನು ತಲೆಕೆಳಗು ಮಾಡಿ ಆ ತೂತನ್ನು ನೋಡಿದರು. ಹೆಬ್ಬೆರಳು ಹೋಗುವಷ್ಟಿತ್ತು. ಇಣುಕಿದರೆ ಒಳಗೆ ಕತ್ತಲೆ.

“ಅಂದ್ರ ಹೊಟ್ಟಿ ಖಾಲಿ ಐತಿ.”

ಅತ್ತೆ ಎತ್ತನ್ನು ಮಡಿಲಿಗೆ ಇಳಿಸಿಕೊಂಡರು.

“ಒಕ್ಕಲತನದ ಮನಿ ಇದು, ಶೈಲಾ. ಮುಂದ ಗ್ವಾದಲಿ ಇಟ್ಟು, ಹಸದ ಎತ್ತಿಗೆ ಹೆಂಗ ಕೈ ಮುಗಿಯೂದು?”

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಎಂಥ ಮಾತು! ಬೇಸಿಗೆಯಿಡೀ ಬೆನ್ನು, ನೆರಳು, ತೂಕ, ಖಾಲಿ ಜಾಗದ ಆಕಾರ ಎಂದೆಲ್ಲ ಯೋಚಿಸಿದವಳಿಗೆ ಎತ್ತು ಹಸಿದಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಹೊಸದಾಗಿ ಮಾಡೋಣವೆಂದರೆ, ಬೇಸಿಗೆಯಿಡೀ ಕಲಿತದ್ದು ಒಂದು ಸಂಜೆಯಲ್ಲಿ ಕೈಗೆ ಬರುವಂತಿರಲಿಲ್ಲ. ನಮ್ಮವರು ಮೆಲ್ಲಗೆ ಗೂಟದಿಂದ ತಮ್ಮನ ಬೈಕಿನ ಕೀಲಿ ತೆಗೆದುಕೊಂಡು, ಪೇಟೆ ಇನ್ನೂ ತೆರೆದಿರುತ್ತದೆ, ಒಂದು ಜೋಡಿ ತಂದುಬಿಡುತ್ತೇನೆ ಎಂದರು.

ಅತ್ತೆ ತಲೆಯೆತ್ತಿ ಮಗನನ್ನು ನೋಡಿದರು. ಕೆಳಗೆ ನನ್ನ ಎತ್ತನ್ನು ನೋಡಿದರು. ಮತ್ತೆ ಆ ತೂತಿನಲ್ಲಿ ಇಣುಕಿದರು.

“ಕೀಲಿ ಗೂಟಕ್ಕ ಹಾಕು. ಸುರೇಖಾ, ಜ್ವಾಳದ ಬುಟ್ಟಿ ತಾ.”

ಬುಟ್ಟಿ ಬಂತು. ಅತ್ತೆ ಎತ್ತನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡರು, ಕೂಸಿಗೆ ಹಾಲು ಹಾಕುವವರಂತೆ. ನಾನು ಹಿಡಿ ತುಂಬ ಜೋಳ ತೆಗೆದು ಸುರಿಯಲು ಹೋದೆ. ನನ್ನ ಕೈಯನ್ನು ಆಚೆ ಸರಿಸಿದರು. ತಮ್ಮ ಬಲಗೈಯನ್ನು ಬುಟ್ಟಿಗಿಳಿಸಿದರು.

ಮೊದಲ ಕಾಳು ಜಾರಿತು. ಎರಡನೆಯದೂ ಜಾರಿತು. ಹೆಬ್ಬೆರಳೂ ತೋರುಬೆರಳೂ ಮುನಿಸಿಕೊಂಡ ನೆಂಟರಂತೆ ಹತ್ತಿರ ಬಂದು ಮುಖ ತಿರುಗಿಸುತ್ತಿದ್ದವು. ಬಿದ್ದ ಕಾಳಿಗೆ ಕೋಳಿಗಳು ಸೇರಿದವು. ಯಾರೂ ಬೆರಳಿನ ಮಾತೆತ್ತಲಿಲ್ಲ. ಸುರೇಖಾ ನನ್ನನ್ನು ನೋಡಿದಳು, ನಾನು ಇನ್ನೊಂದು ಎತ್ತಿನ ಕೊಂಬು ಸರಿಮಾಡುವವಳಂತೆ ತಲೆ ತಗ್ಗಿಸಿದೆ. ಆಮೇಲೆ ಟಕ್ ಎಂದು ಸಣ್ಣ ಸದ್ದು. ಒಂದು ಕಾಳು ಹೊಟ್ಟೆಗೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್.

ಬಹಳ ಹೊತ್ತು ಹಿಡಿಯಿತು. ರೊಟ್ಟಿ ತಣ್ಣಗಾದವು. ನಡುವೆ ಸುರೇಖಾಳಿಗೆ ತಡೆಯಲಾಗಲಿಲ್ಲ.

“ಅತ್ತಿ, ಲೋಕದಾಗಿನ ಎತ್ತು ಬಾಯಿಲೆ ತಿಂತಾವ. ನಮ್ಮ ಅಕ್ಕಾರ ಎತ್ತು ಹೊಟ್ಟಿಲೇ ತಿಂತಾವ ನೋಡ್ರಿ.”

“ತಿನ್ನೂದು ಖರೇ ಅಲ್ಲ? ನಿನಗೇನು ಕಷ್ಟ? ಆ ಕೋಳಿ ಹೊಡಿ ಮೊದಲ. ನಿಂತು ನೋಡಾಕತ್ತಾಳ, ನಾಟಕದಾಗ ಕುಂತಂಗ!” ಎಂದು ಅತ್ತೆ ಗದರಿದರು. ಅದಾದ ಮೇಲೆ ಕೋಳಿಗಳಿಗೆ ಬೈದರು, ಇನ್ನೂ ಕೀಲಿ ಹಿಡಿದೇ ನಿಂತ ಮಗನಿಗೆ ಬೈದರು, ಎತ್ತಿನ ಹೊಟ್ಟೆ ಬಾವಿಯಷ್ಟು ದೊಡ್ಡದು ಮಾಡಿದ್ದಕ್ಕೆ ನನಗೆ ಬೈದರು. ಸುರೇಖಾ ಸೆರಗಿನಿಂದ ಕಣ್ಣೊರೆಸಿಕೊಂಡು ಕೋಳಿ ಓಡಿಸಲು ಹೋದಳು. ಇಷ್ಟು ತಿಂಗಳಲ್ಲಿ ಆ ಮನೆಯಲ್ಲಿ ಬೈಗುಳ ಕೇಳಿ ಎಲ್ಲರಿಗೂ ಅಷ್ಟು ಹಿತವಾದದ್ದು ಅದೇ ಮೊದಲು.

ಎರಡೂ ಎತ್ತುಗಳ ಹೊಟ್ಟೆ ತುಂಬಿತು. ತೂತಿಗೆ ನಾನು ಹಸಿಮಣ್ಣು ಮೆತ್ತಿದೆ. ಮರುದಿನ ಅತ್ತೆ ಎರಡೂ ಕೈಯಲ್ಲಿ ಒಂದೊಂದಾಗಿ ಎತ್ತಿ ಜಗಲಿಗೆ ಇಟ್ಟರು. ಗಣಪತಿಯ ಇಲಿ ಎಂದಿದ್ದ ಪಕ್ಕದ ಮನೆಯ ಅಜ್ಜಿ ಊರುಗೋಲಿನೊಂದಿಗೆ ಬಂದು ಬಗ್ಗಿ ನೋಡಿ, ತಪ್ಪೇನೂ ಸಿಗದೆ ನಿರಾಶೆಯಾಗಿ, ಹೋಳಿಗೆಗೆ ಬೆಲ್ಲ ಕಡಿಮೆಯಾಗಿದೆ ಎಂದು ಹೇಳಿಹೋದಳು.

ಸೊಲ್ಲಾಪುರಕ್ಕೆ ಬಂದ ಮೇಲೆ ಜಗಲಿಯ ಫೋಟೋವನ್ನು ಜಗದಾಳೆ ಸರ್‌ಗೆ ತೋರಿಸಿದೆ. ದೊಡ್ಡದು ಮಾಡಿ, ಚಿಕ್ಕದು ಮಾಡಿ, ಹುಬ್ಬೇರಿಸಿ ನೋಡಿದರು. ಶಹಬ್ಬಾಸ್ ಎನ್ನುತ್ತಾರೆಂದು ಕಾದೆ. ಮೊಬೈಲು ಮರಳಿ ಕೊಡುತ್ತ, ಹಿಂದಿನಿಂದ ತೆಗೆದದ್ದು ಎಲ್ಲಿ ಎಂದು ಕೇಳಿದರು.

ಅದಕ್ಕಾಗಿಯೇ ಸುರೇಖಾಳಿಗೆ ಫೋನು ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಅವಳೇ ವಿಡಿಯೋ ಕಾಲ್ ಮಾಡಿದಳು. ಪೂಜೆಯಾದ ಮೇಲೆ ಎತ್ತುಗಳನ್ನು ಪದ್ಧತಿಯಂತೆ ತುಳಸಿಕಟ್ಟೆಯ ಮೇಲೆ ಇಟ್ಟಿದ್ದರು. ಮಳೆ ಹಿಡಿದಿತ್ತು. ಪರದೆಯ ಮೇಲೆ ಮೊದಲು ಸುರೇಖಾಳ ಕಿವಿ ಕಂಡಿತು, ಆಮೇಲೆ ಆಕಾಶ, ಆಮೇಲೆ ಕಟ್ಟೆ. ಬಲಗಡೆಯ ಎತ್ತಿನ ಬೆನ್ನು ಬಿರಿದು, ಹಿಣಿಲಿನಿಂದ ಬಾಲದತನಕ ಹಸಿರು ಜೋಳದ ಸಸಿಗಳು ಎದ್ದು ನಿಂತಿದ್ದವು. ನೋಡಿದರೆ ಎತ್ತು ಹೊಲವನ್ನೇ ಹೊತ್ತುಕೊಂಡು ಹೊರಟಂತಿತ್ತು. ಎಡಗಡೆಯದು ಮಾತ್ರ ಮಳೆಯಲ್ಲಿ ನೆನೆದು, ಏನೂ ಆಗಿಲ್ಲವೆಂಬಂತೆ ಕೂತಿತ್ತು.

“ಇದು ಬೆಳಿ ಕೊಟ್ಟೈತಿ,” ಎಂದು ಅತ್ತೆಯ ಧ್ವನಿ ಬಂತು. “ಅದು ನೋಡು, ತಿಂದು ಸುಮ್ಮ ಕುಂತೈತಿ, ನನ್ನ ಮಗನ ಗತೆ.”

ನಮ್ಮವರು ಚಹ ಕುಡಿಯುತ್ತಿದ್ದವರು ಕಪ್ಪು ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ಪರದೆಯೊಳಗೆ ಅತ್ತೆಯ ಬಲಗೈ ಬಂತು. ಒಂದು ಸಸಿಯ ತುದಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ನನಗೆ ಕಾಣಲೆಂದು ಸ್ವಲ್ಪ ಬಗ್ಗಿಸಿದರು. ಬೆರಳುಗಳ ನಡುವೆ ಖಾಲಿ ಜಾಗವಿರಲಿಲ್ಲ.

“ಬರೂ ವರ್ಷ ಹೊಟ್ಟಿ ಇನ್ನ ಜರಾ ದೊಡ್ಡದ ಬಿಡು, ಶೈಲಾ,” ಎಂದರು. “ಕಡ್ಲಿನೂ ಹಾಕೂಣು.”